ನಲವತ್ತು ಹೆಜ್ಜೆ

"ಏ ರುದ್ರವ್ವಾ, ಉಂಡೇನ?"

ಸುಂದ್ರವ್ವ ಗೋಡೆಗೆ ಬಾಯಿ ಹಚ್ಚಿ ಕೂಗಿದಳು. ಆಚೆಯಿಂದ "ಆಂ?" ಅಂತ ಕ್ಷೀಣವಾಗಿ ಒಂದು ದನಿ ಬಂತು.

"ಉಂಡೇನ ಅಂದ್ನಿ."

"ಆಂ?"

ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೇ. ಮೂರನೇ ಸಲಕ್ಕೆ ಮುದುಕಿ ಕೈಬಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆ ಹಿಡಿದು ಹಿಡಿದು ತನ್ನ ಖೋಲಿಗೆ ವಾಪಸು ಹೊರಟಳು. ಸಾಲುಖೋಲಿಗಳ ಆ ಚಾಳಿನ ನಳದಲ್ಲಿ ಕಾಲು ತೊಳೆಯುತ್ತಿದ್ದ ಕುತುಬುದ್ದೀನ ಇದನ್ನೆಲ್ಲ ನೋಡಿಯೂ ನೋಡದವನ ಹಾಗೆ, ತೊಳೆದ ಕಾಲನ್ನೇ ಮತ್ತೆ ತೊಳೆದ. ಆ ಗೋಡೆ ಕಟ್ಟಿದವನು ಅವನೇ.

ಕಟ್ಟಿದ್ದನ್ನಾದರೂ ಹೇಗೆ ಕಟ್ಟಿದ್ದ! ಹನ್ನೆರಡು ವರ್ಷ ಮುಂಬಯಿಯಲ್ಲಿ ಕಂಡವರ ಕೈಕೆಳಗೆ ಇಟ್ಟಂಗಿ ಇಟ್ಟು, ಮೊದಲ ಸಲ ತಾನೇ ಮೇಸ್ತ್ರಿಯಾಗಿ ಹಿಡಿದ ಕೆಲಸ. ಸಿಮೆಂಟಿನಲ್ಲಿ ಕಳ್ಳತನ ಮಾಡಲಿಲ್ಲ. ಚಾಳಿನ ಹುಡುಗರು ಎರಡು ತಿಂಗಳಿಂದ ಮೊಳೆ ತಗೊಂಡು ಕೆರೆದರೂ ಒಂದು ಚಿಟಿಕೆ ಉದುರಿರಲಿಲ್ಲ. ಸುಡುಗಾಡು, ಇಷ್ಟು ಗಟ್ಟಿ ಕಟ್ಟಬೇಕಿತ್ತೇ ಅಂತ ಈಗ ಅವನಿಗೇ ಅನಿಸುತ್ತಿತ್ತು.

ಮುಲುಂಡ್‌ನ ಆ ಮೂಲೆಯಲ್ಲಿ ಚಾಳಿನ ಹಿಂದೆ ಹೊಸ ಹೌಸಿಂಗ್ ಸೊಸೈಟಿಯ ಬಿಲ್ಡಿಂಗ್ ಎದ್ದಿತ್ತು. ಬಿಲ್ಡಿಂಗಿನ ಪಕ್ಕದಿಂದ ಒಂದು ಕಾಲುದಾರಿ. ಚಾಳಿನವರು ಅದರಲ್ಲಿ ಹಾದು ಸೊಸೈಟಿಯ ಮುಂದಿನ ಗೇಟಿಗೆ ಬಿದ್ದರೆ ಎದುರಿಗೇ ಸಾಲಿ, ದವಾಖಾನೆ, ಸಂತೆ, ಇನ್ನೂ ನಾಲ್ಕು ಮಾರು ನಡೆದರೆ ಸ್ಟೇಷನ್ನು. ಬಸುರಿಯರೂ ಬಾಣಂತಿಯರೂ ಅದರಲ್ಲೇ, ಬಟ್ಟೆ ಗಿರಣಿಯ ಪಾಳಿ ಮುಗಿಸಿದವರೂ ಅದರಲ್ಲೇ. ಸೊಸೈಟಿಯ ವಾಚ್‌ಮನ್ನನ ತಾಯಿ ರುದ್ರವ್ವ ದಾರಿಯ ಮಗ್ಗುಲಿನ ಒಂದು ಕೋಣೆಯಲ್ಲಿರುತ್ತಿದ್ದಳು. ಸುಂದ್ರವ್ವನ ಹೊಸ್ತಿಲಿನಿಂದ ಅಲ್ಲಿಗೆ ನಲವತ್ತು ಹೆಜ್ಜೆ. ದಿನಾ ಸಂಜೆ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಹೋಗುವುದು, ಬಾಗಲಕೋಟಿಯ ಕಡೆಯ ಇಬ್ಬರೂ ಮುದುಕಿಯರು ಸೇರಿ ಸೊಸೆಯಂದಿರನ್ನು ಬೈಯುವುದು, ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುವುದು. ಸುಂದ್ರವ್ವನಿಗೆ ಸೊಸೆಯೇ ಇರಲಿಲ್ಲ, ಆದರೂ ಬೈಯುವುದರಲ್ಲಿ ಹಿಂದೆ ಬೀಳುತ್ತಿರಲಿಲ್ಲ.

ಆ ದಾರಿಗೆ ಅಡ್ಡ ಗೋಡೆ ಎದ್ದ ಮೇಲೆ ಅದೇ ನಲವತ್ತು ಹೆಜ್ಜೆಗೆ ಆಗ್ರಾ ರೋಡ್ ಸುತ್ತಿ ಅರ್ಧ ಗಂಟೆ, ಅದೂ ಲಾರಿಗಳ ಮಗ್ಗುಲಲ್ಲಿ.

ಕುತುಬುದ್ದೀನನ ಉಸ್ತಾದ ಇಂಡಿ ಊರಿನ ಲಾಲಸಾಬ ಒಂದು ರೂಢಿ ಕಲಿಸಿದ್ದ. ಗೋಡೆಯ ಗುರುತಿಗೆ ದಾರ ಎಳೆಯುವ ಮುಂಚೆ ಗೌಂಡಿಯಾದವನು ಆ ಜಾಗದಲ್ಲಿ ನಿಂತು ಮೂರು ಸಲ ಕೂಗಬೇಕು: "ಇಲ್ಲಿ ಯಾರದರ ದಾರಿ ಐತೇನ್ರಿ?" ಯಾರಾದರೂ ಓ ಎಂದರೆ ಆ ಮಾತು ಬಗೆಹರಿಯುವ ತನಕ ದಾರ ಎಳೆಯಬಾರದು. "ದಾರಿ ಮುಚ್ಚಿದ ಕೈಗೆ ಅನ್ನ ಹತ್ತೂದಿಲ್ಲ ಮಗಾ," ಅನ್ನುತ್ತಿದ್ದ.

ಕುತುಬುದ್ದೀನ ಕೂಗಿದ್ದು ಹೌದು. ಆದರೆ ಗಂಡಸರೆಲ್ಲ ಕೆಲಸಕ್ಕೆ, ಮಕ್ಕಳೆಲ್ಲ ಸಾಲಿಗೆ ಹೋದ ಹನ್ನೊಂದು ಗಂಟೆಗೆ, ಬಿಲ್ಡಿಂಗಿನ ಕಡೆ ಮುಖ ಮಾಡಿ, ಗಂಟಲಲ್ಲೇ. ಅಷ್ಟಾದರೂ, ಅವನ ಬೆನ್ನ ಹಿಂದೆಯೇ ಕೂತಿದ್ದ ಸುಂದ್ರವ್ವನ ಮಂದ ಕಿವಿಗೂ ಅದು ಬಿತ್ತು, ಅವರೆಕಾಯಿ ಸುಲಿಯುವುದನ್ನು ಬಿಟ್ಟು ಎದ್ದು ಬಂದಳು.

"ಓ. ಯಾಕಪಾ, ಏನ್ ಕರದಿ?"

"ಏನಿಲ್ಲ ಆಯಿ. ಒಳಗ ಹೋಗು, ಬಿಸಲೈತಿ."

ಮುದುಕಿ ಅವನ ಕೈಯನ್ನೊಮ್ಮೆ ನೋಡಿ, ಒಳಗೆ ಹೋದಳು. ಇವನು ದಾರ ಎಳೆದ.

ಅದಕ್ಕೂ ಹಿಂದಿನ ಭಾನುವಾರ ಸೊಸೈಟಿಯ ಸೆಕ್ರೆಟರಿ ಜೋಗಳೇಕರ ಸಾಹೇಬರು ಪರೇಲ್‌ನ ತಮ್ಮ ಹಳೆ ಮನೆಯಿಂದ ಜಾಗ ನೋಡಲು ಬಂದಿದ್ದರು. ಆಗಿನ್ನೂ ಬಿಲ್ಡಿಂಗಿಗೆ ಯಾರೂ ಬಂದಿರಲಿಲ್ಲ. "ಇಲ್ಲಿಂದ ಜನ ಓಡಾಡ್ತಾರೇನು?" ಅಂತ ಹಿಂದಿಯಲ್ಲಿ ಕೇಳಿದ್ದರು. ಹೌದೆಂದರೆ ತಕರಾರೆದ್ದು ಕೆಲಸ ನಿಂತೀತು, ಮುಂದೆ ಏಳಲಿದ್ದ ಎರಡನೇ ಬಿಲ್ಡಿಂಗಿನ ಕೆಲಸವೂ ಕೈತಪ್ಪೀತು ಎಂಬ ಲೆಕ್ಕ ಇವನದು. ದಾರಿಯ ಗುರುತಿನ ಮೇಲೆ ಮುಂಜಾನೆಯೇ ಉಸುಕಿನ ರಾಶಿ ಸುರಿಸಿ ಇಟ್ಟಿದ್ದ. "ಯಾರೂ ಇಲ್ಲ ಸಾಹೇಬ್," ಅಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗೋಡೆಯಾದ ಮೂರನೇ ವಾರ ಸುಂದ್ರವ್ವ ಆಗ್ರಾ ರೋಡ್ ಹಿಡಿದು ಹೊರಟಿದ್ದಳು. ಅರ್ಧ ದಾರಿಯಲ್ಲಿ ಒಂದು ಲಾರಿ ಸೆರಗು ಸವರಿಕೊಂಡು ಹೋಯಿತಂತೆ. ಮೈಗೆ ಏನೂ ಆಗಲಿಲ್ಲ, ಧೈರ್ಯ ಹೋಯಿತು. ಆಮೇಲೆ ಖೋಲಿ ಬಿಟ್ಟು ಇಳಿದದ್ದು ಈ ಗೋಡೆಯ ತನಕ ಮಾತ್ರ. ತನ್ನ ಕೊಡ ತಾನೇ ಹೊರುತ್ತಿದ್ದವಳು ಈಗ ಯಾರಾದರೂ ತಂದಾರೇನೋ ಅಂತ ಕಾಯುವ ಹಾಗಾಗಿತ್ತು. ಕುತುಬುದ್ದೀನನ ಹೆಂಡತಿ ಸುಗರಾ ದಿನಾ ಮಗಳ ರಟ್ಟೆ ಹಿಡಿದು ಅದೇ ರೋಡಿನಲ್ಲಿ ಸಾಲಿಗೆ ಬಿಟ್ಟು ಬರುತ್ತಿದ್ದಳು. ಒಮ್ಮೆ ರೊಟ್ಟಿ ಬಡಿಯುತ್ತ ಅಂದಳು, "ಗೋಡಿ ಭಾಳ ಚಂದ ಕಟ್ಟೀರಿ." ಅವನು ರೊಟ್ಟಿ ಅಲ್ಲೇ ಬಿಟ್ಟು ಕೈ ತೊಳೆದ.

ಸುಂದ್ರವ್ವ ಗೋಡೆಗೆ ಕೂಗಿ ಕೈಬಿಟ್ಟ ಆ ಸಂಜೆ, ನಳದಿಂದ ಎದ್ದವನೇ ಒಂದು ಕೊಡ ನೀರು ತುಂಬಿಕೊಂಡು ಸುಂದ್ರವ್ವನ ಖೋಲಿಗೆ ಹೋದ. ಇಳಿಸಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಆಯಿ, ಅವತ್ತ ನಾ ಕೂಗಿದ್ದೆ. ನೀ ಓ ಅಂದಿದ್ದಿ. ನಾ ಏನಿಲ್ಲ ಅಂದೆ."

"ಗೊತ್ತೈತಿ ತಮ್ಮಾ."

"ಏನ್ ಗೊತ್ತೈತಿ?"

"ನಿನ್ನ ಕೈಯಾಗ ದಾರ ಇತ್ತಲ್ಲ. ಲಾಲಸಾಬ ನಮ್ಮೂರಾಗ ಚಾವಡಿ ಕಟ್ಟಾಕ ಬಂದಾಗೂ ಹಂಗ ಕೂಗಿದ್ದ."

"ಮತ್ತ ಯಾಕ ಸುಮ್ಮನಾದಿ?"

ಮುದುಕಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಈಗರ ಮೇಸ್ತ್ರಿ ಆಗ್ಯಾನ, ಅವನ ಹೊಟ್ಟಿ ಮ್ಯಾಲ ನಾ ಯಾಕ ಹೊಡೀಲಿ ಅಂದ್ಕೊಂಡೆ. ಇಷ್ಟು ಎತ್ತರ ಕಟ್ಟತಿ ಅಂತ ಎಲ್ಲಿ ಗೊತ್ತಿತ್ತು?"

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಬೈಗುಳ ಕೇಳಲಿಕ್ಕೆಂದೇ ಬಂದವನು ತಲೆ ತಗ್ಗಿಸಿಕೊಂಡು ಎದ್ದುಹೋದ.

ಭಾನುವಾರ ಮುಂಜಾನೆ ಒಗೆದ ಅಂಗಿ ತೊಟ್ಟು ಜೋಗಳೇಕರ ಸಾಹೇಬರ ಬಾಗಿಲು ತಟ್ಟಿದ. ಈಗ ಅವರೂ ಅದೇ ಬಿಲ್ಡಿಂಗಿಗೆ ಬಂದಿದ್ದರು. ನಿಂತಲ್ಲೇ ಎಲ್ಲ ಹೇಳಿದ, ಉಸುಕಿನ ರಾಶಿಯನ್ನೂ ಬಿಡಲಿಲ್ಲ. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು.

"ನಾನು ಕೇಳಿದ್ದು ಯಾಕೆ ಅಂದುಕೊಂಡಿ? ದಾರಿ ಇದ್ದರೆ ಒಂದು ಚಿಕ್ಕ ಬಾಗಿಲು ಬಿಡೋಣ ಅಂತ ಕಮಿಟಿಯಲ್ಲಿ ಮಾತಾಗಿತ್ತು. ಈಗ ನಮ್ಮ ಹೆಂಗಸರು ನಿಮ್ಮ ಚಾಳಿನ ಹಿಟ್ಟಿನ ಗಿರಣಿಗೆ ಸುತ್ತುಹಾಕಿ ಹೋಗಿ ದಿನಾ ನನ್ನ ತಲೆ ತಿಂತಾರೆ."

ಕುತುಬುದ್ದೀನನಿಗೆ ನೆಲ ಬಿರಿಯಬಾರದೇ ಅನಿಸಿತು. ಒಂದು ಮಾತು. ಹೌದು ಸಾಹೇಬ್ ಅಂದಿದ್ದರೆ ಮುಗಿದಿತ್ತು, ಯಾರ ಅನ್ನವೂ ಹೋಗುತ್ತಿರಲಿಲ್ಲ.

"ನಾನೇ ಒಡೀತೀನಿ ಸಾಹೇಬ್, ಕೂಲಿ ಬೇಡ. ಚೌಕಟ್ಟನ್ನೂ ಕೂಡಿಸ್ತೀನಿ."

"ಒಡಿ," ಅಂದರು ಸಾಹೇಬರು. ಮತ್ತೆ ಕಪ್ಪು ಎತ್ತಿಕೊಂಡು, "ಎರಡನೇ ಬಿಲ್ಡಿಂಗಿಗೆ ಬೇರೆ ಮೇಸ್ತ್ರಿ ನೋಡ್ತೀವಿ. ಬೇಜಾರು ಮಾಡ್ಕೋಬೇಡ," ಅಂದರು. ಅವನು ಅದಕ್ಕೂ ಹೂಂ ಅಂದ.

ಚಾಣ, ಸುತ್ತಿಗೆ ತಗೊಂಡು ಹಾಡಹಗಲಲ್ಲಿ ಶುರು ಮಾಡಿದ. ಚಾಳಿನವರು ಹೊರಗೆ ಬಂದು ನಿಂತರು. ಮೇಲಿನ ಗ್ಯಾಲರಿಗಳಲ್ಲೂ ಜನ. ಅವನದೇ ಸಿಮೆಂಟು ಅವನಿಗೇ ಜಗ್ಗಲಿಲ್ಲ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಸಂಜೆ ನಾಲ್ಕರ ಸುಮಾರಿಗೆ ಒಬ್ಬರು ಆರಾಮಾಗಿ ಹಾಯುವಷ್ಟು ಸಂದು ಬಿದ್ದಿತು. ಕೂಡಲೇ ಅವನ ಮಗಳು ನೂರಜಹಾನ ಒಂದು ಹಿಂಡು ಹುಡುಗರ ಜೊತೆ ಆಚೆಗೆ ಓಡಿ, ಈಚೆಗೆ ಓಡಿ ಬಂದಳು.

ಅವನು ಹೋಗಿ ಸುಂದ್ರವ್ವನ ಬಾಗಿಲಲ್ಲಿ ನಿಂತ. "ಬಾ ಆಯಿ."

ಅವಳು ಚೀಲ ಸಿಕ್ಕಿಸಿಕೊಂಡು ಎದ್ದಳು. ಅವನ ತೋಳು ಹಿಡಿದು ನಾಲ್ಕು ಹೆಜ್ಜೆ ನಡೆದು ನಿಂತಳು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಂತಳು. ಎರಡು ತಿಂಗಳ ಹಿಂದೆ ಈ ಹಾದಿಯಲ್ಲಿ ಅವಳ ಹಿಂದೆ ಹೋದರೆ ಅವನೇ ಬೇಗ ಹೆಜ್ಜೆ ಹಾಕಬೇಕಾಗುತ್ತಿತ್ತು. ಗೋಡೆಯ ಸಂದಿನ ತನಕ ಬಂದು, ಕಿತ್ತ ಇಟ್ಟಂಗಿಗಳ ಒಟ್ಟಿಲಿನ ಮೇಲೆ ಕುಸಿದು ಕೂತಳು.

ಆಚೆ ರುದ್ರವ್ವನನ್ನು ಕೋಣೆಯ ಮುಂದೆ ಹೊರಸಿನ ಮೇಲೆ ಕೂರಿಸಿದ್ದರು. ಅವಳು ಕೈ ಎತ್ತಿದಳು. ಸುಂದ್ರವ್ವನೂ ಎತ್ತಿದಳು.

"ಎತಗೊಂಡು ಹೋಗಲೇನ ಆಯಿ?"

"ಬ್ಯಾಡ. ಆಕಿ ಮುಂದ ಹೊರಿಸಗೊಂಡು ಹೋಗಬೇಕೇನ ನಾ?" ಅವಳು ತೊಡೆ ತಿಕ್ಕಿಕೊಂಡಳು. "ಇವತ್ತ ಇಷ್ಟ ಆತು. ನಾಳೆ ನೋಡೂಣು."

ಗೋಧಿಯ ಡಬ್ಬಿ ಹೊತ್ತ ಸೊಸೈಟಿಯ ಹೆಂಗಸೊಬ್ಬಳು ಅವರನ್ನು ದಾಟಿಕೊಂಡು ಗಿರಣಿಯ ಕಡೆ ಹೋದಳು. ಕುತುಬುದ್ದೀನ ಬಗ್ಗಿ, ಮುದುಕಿ ಕೂತ ಇಟ್ಟಂಗಿಗಳನ್ನು ಬಿಟ್ಟು, ಉಳಿದವನ್ನು ಒಂದೊಂದಾಗಿ ಬದಿಗೆ ಸಾಗಿಸತೊಡಗಿದ.