ಪಾಳೇಗಾರ ಕುಡಿದ ಔಷಧಿ

ಒಳಲೆಯ ಮೂತಿಯ ಮೇಲೆ ಒಂದು ನೊಣ, ಮುಂಗಾಲು ಉಜ್ಜಿಕೊಳ್ಳುತ್ತಿದೆ, ಇನ್ನೇನು ಒಳಗಿಳಿಯುತ್ತದೆ, ಇಳಿಯಲಿ, ಒಂದು ಗುಟುಕು ಕುಡಿದು ನೋಡಲಿ, ಆಮೇಲೆ ಅದೆಷ್ಟು ದೂರ ಹಾರುತ್ತದೋ ನೋಡೋಣ — ದುರುಗಕ್ಕ ಹಿತ್ತಲ ಬಾಗಿಲಲ್ಲಿ ಒಳಲೆ ಹಿಡಿದು ನಿಂತಿದ್ದಾಳೆ, ಹದಿನೇಳು ತುಂಬಿದವಳ ಕೈಯಲ್ಲಿ ಹಸುಗೂಸಿಗೆ ಹಾಲು ಕುಡಿಸುವ ಒಳಲೆ, ಅವ್ವ ಕೆಂಚಕ್ಕನಿಗೆ ಇದರಲ್ಲಿ ಒಂದು ದಿನವೂ ಏನೂ ಅನ್ನಿಸಿಲ್ಲ, ಬೆಳಿಗ್ಗೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ, ಔಷಧಿಯ ಸೀಸೆ ಬಗ್ಗಿಸುತ್ತಾಳೆ, ಕೊಡುತ್ತಾಳೆ, ಒಲೆಯ ಕಡೆ ತಿರುಗುತ್ತಾಳೆ, ಅಲ್ಲಿಂದಲೇ ಕೂಗುತ್ತಾಳೆ, ಕುಡುದೇನೇ, ಕುಡೀತೀನವ್ವ, ಬಿರ್ರನೆ ಕುಡಿ, ನಿಮ್ಮಪ್ಪ ಯಾರನ್ನೋ ಕರ್ಕಂಡ್ ಬಂದೈತೆ. ಕುಡಿಯುವವಳ ಗಂಟಲು ಗುಟುಕ್ ಎನ್ನುವುದನ್ನೂ ಕಲಿತಿದ್ದಾಳೆ ದುರುಗಕ್ಕ, ಬರಿಗಂಟಲಲ್ಲಿ, ಅವ್ವನಿಗೆ ಕೇಳುವಷ್ಟು ಜೋರಾಗಿ. ಅಮಾವಾಸ್ಯೆಯ ಮಾರನೆಯ ದಿನದಿಂದ ಒಂದು ಹನಿಯೂ ಒಳಗೆ ಹೋಗಿಲ್ಲ.

ಅವಳು ಒಂಬತ್ತು ವರ್ಷದವಳಿದ್ದಾಗ ದುರುಗಿ ಎಂದರೆ ಪರಶುರಾಂಪುರದ ಸುತ್ತಲ ಹಳ್ಳಿಗೆಲ್ಲ ಗೊತ್ತು — ಸೋದರತ್ತೆಯ ಕೈ ಕಚ್ಚಿದವಳು, ಹುಣಸೆಮರ ಹತ್ತಿ ಒಂದಿಡೀ ಹಗಲು ಇಳಿಯದವಳು, ಸರ್ಕಾರದ ದನ ಮೇಯುವ ಕಾವಲಿಗೆ ನುಗ್ಗಿ ಆ ಉದ್ದ ಕೊಂಬಿನ ಹಸುಗಳ ಜೊತೆ ಓಡಿ ಕಾವಲುಗಾರನ ಕೈಗೆ ಸಿಗದವಳು, ನಗು ಬರುತ್ತದೆ, ಬರಲಿ, ಈಗ ನಗು ಬಂದರೆ ಪೂರಾ ಬರುತ್ತದೆ, ಮೊದಲಿನ ಹಾಗೆ ಅರ್ಧ ದಾರಿಯಲ್ಲಿ ಮರೆತು ನಿಲ್ಲುವುದಿಲ್ಲ. ಎಲ್ಲಕ್ಕೂ ಮಿಗಿಲಾದದ್ದು ಆ ಕಂಬಳಿಯ ಹಾಸು, ಅಪ್ಪ ಜಂಪಣ್ಣ ಕಂಬಳಿ ನೇಯಲು ಬೀದಿಯುದ್ದಕ್ಕೂ ಗೂಟ ನೆಟ್ಟು ಕಪ್ಪು ಉಣ್ಣೆಯ ನೂಲು ಎಳೆದು ಹುಣಸೆಬೀಜದ ಗಂಜಿ ಬಳಿಯುತ್ತಿದ್ದಾನೆ, ನಾನೂ ಕುರಿ ಜೊತೆ ಕಾವಲಿಗೆ ಹೋಗ್ತೀನಪ್ಪ, ಹೆಣ್ಣುಡುಗಿ ನೀನು ಮನ್ಯಾಗಿರು, ಹೋಗ್ತೀನಪ್ಪ, ಬಾಯ್ಮುಚ್ಚು, ಮೂರನೆಯ ಸಲ ಕೇಳಲಿಲ್ಲ ಅವಳು, ಕುಡುಗೋಲು ತಂದಳು, ಈ ತುದಿಯಿಂದ ಆ ತುದಿಗೆ ನೂಲು ಕತ್ತರಿಸಿಕೊಂಡು ಓಡಿದಳು, ಟಪ್ ಟಪ್ ಟಪ್, ಒಂದೊಂದು ಎಳೆಯೂ ಹರಿದಾಗ ಅಂಗೈಗೆ ತಾಗಿದ ಆ ಜಿಗಿತ ಇನ್ನೂ ಅಲ್ಲೇ ಇದೆ. ಅದು ತಪ್ಪೇ, ತಪ್ಪಲ್ಲ ಎಂದು ಅವಳೇನೂ ಹೇಳುವುದಿಲ್ಲ, ಒಂದು ತಿಂಗಳ ಉಣ್ಣೆ, ಅಪ್ಪ ಮಣ್ಣಲ್ಲಿ ಕೂತುಬಿಟ್ಟಿದ್ದ. ಆದರೆ ಹೊಡೆದು ಬಿಡಬಹುದಿತ್ತು, ಹೊಡೆತ ಎರಡು ದಿನಕ್ಕೆ ಹೋಗುತ್ತದೆ. ಬೇವಿನ ಸೊಪ್ಪಲ್ಲಿ ಹೊಡೆಸಿದರು, ತಾಯಿತ ಕಟ್ಟಿಸಿದರು, ಕೊನೆಗೆ ಗಾಡಿಯಲ್ಲಿ ಹಾಕಿಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದರು, ಆತ ಅವಳ ಮುಖ ನೋಡಲಿಲ್ಲ, ಅಪ್ಪನ ಮಾತು ಕೇಳಿಕೊಂಡೇ ಬರೆದ, ನರದಲ್ಲಿ ಬಿಸಿ ಹೆಚ್ಚು, ಬ್ರೋಮೈಡು ಕೊಡ್ತೀನಿ, ಶಾಂತವಾಗ್ತಾಳೆ. ಎಷ್ಟು ದಿನ ಕೊಡಬೇಕ್ರಿ ಎಂದು ಅಪ್ಪ ಕೇಳಿದ. ಶಾಂತವಾಗೋವರೆಗೂ ಕೊಡಿ. ಆಮೇಲೆ ಸೀಸೆ ತುಂಬಿಸಿಕೊಳ್ಳಲು ಅಪ್ಪ ಒಬ್ಬನೇ ಹೋಗಿ ಬರುತ್ತಿದ್ದ, ಶಾಂತವಾದಳೇ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಶಾಂತವಾದಳು, ಮೊದಲ ವಾರದಲ್ಲೇ ಆದಳು, ಕೂರಿಸಿದಲ್ಲಿ ಕೂತಳು, ರಾಟೆ ಕೊಟ್ಟರೆ ತಿರುಗಿಸಿದಳು, ನಿಲ್ಲಿಸು ಎನ್ನುವುದನ್ನು ಅವ್ವ ಮರೆತರೆ ನೂಲು ಮುಗಿದ ಮೇಲೂ ತಿರುಗಿಸಿದಳು, ನಾಲಿಗೆ ಬಾಯಲ್ಲಿ ಒದ್ದೆ ಕಂಬಳಿಯ ಹಾಗೆ ಬಿದ್ದಿರುತ್ತಿತ್ತು, ಯಾರಾದರೂ ಕರೆದರೆ ಓ ಎನ್ನುವಷ್ಟರಲ್ಲಿ ಕರೆದವರು ಹೊರಟುಹೋಗಿರುತ್ತಿದ್ದರು, ಮುಖದ ತುಂಬ ಕೆಂಪು ಗುಳ್ಳೆ, ಅಜ್ಜಿ ಸತ್ತದ್ದು ಗೊತ್ತು, ಅತ್ತದ್ದು ನೆನಪಿಲ್ಲ, ಮೈನೆರೆದದ್ದು ಗೊತ್ತು, ಆರತಿ ಯಾರು ಎತ್ತಿದರೋ ಗೊತ್ತಿಲ್ಲ. ಊರು ಹೊಗಳಿತು, ಕೆಂಚಕ್ಕ ನಿನ್ ಮಗಳು ಬಂಗಾರ ಆಗೋದ್ಲು ಕಣೆ. ಹನ್ನೆರಡನೆಯ ವಯಸ್ಸಿನಲ್ಲಿ ಸೀಸೆ ಅವಳ ಕೈಜಾರಿ ಒಡೆಯಿತು, ಅಪ್ಪ ಸಂತೆಯಿಂದ ಹೊಟ್ಟೆ ದಪ್ಪಗಿನ ಬೇರೊಂದು ಸೀಸೆ ತಂದ, ಒಡೆದ ಸೀಸೆಯ ಮೈಮೇಲೆ ಒಂದೊಂದು ಸಲಕ್ಕೆ ಇಷ್ಟಿಷ್ಟು ಎಂದು ಗೆರೆ ಹಾಕಿ ಡಾಕ್ಟರು ಅಂಟಿಸಿದ್ದ ಕಾಗದದ ಪಟ್ಟಿ ಇತ್ತಲ್ಲ, ಅದನ್ನು ಹುಷಾರಾಗಿ ನೆನೆಸಿ ಬಿಡಿಸಿದ, ಕಂಬಳಿಗೆ ಬಳಿಯುವ ಅದೇ ಹುಣಸೆಬೀಜದ ಗಂಜಿಯಲ್ಲಿ ಹೊಸ ಸೀಸೆಗೆ ಅಂಟಿಸಿದ, ನೋಡು ಕೆಂಚಿ ಡಾಕ್ಟ್ರ ಲೆಕ್ಕ ಒಂದು ಗೆರೆನೂ ತಪ್ಪಿಲ್ಲ. ಗೆರೆ ತಪ್ಪಿಲ್ಲ, ಸೀಸೆ ಇಮ್ಮಡಿ ಹಿಡಿಯುತ್ತದೆ, ಒಂದು ಗೆರೆಗೆ ಎರಡು ಗೆರೆಯ ಔಷಧಿ, ಐದು ವರ್ಷ — ಕಂಬಳಿಯ ಅಗಲದಲ್ಲಿ ಒಂದೆಳೆ ಹೆಚ್ಚಾದರೆ ಕಣ್ಣು ಮುಚ್ಚಿಕೊಂಡೇ ಹೇಳುವ ಮನುಷ್ಯನಿಗೆ ಅದು ಹೊಳೆಯಲಿಲ್ಲ. ಅವಳಿಗೂ ಹೊಳೆದದ್ದು ಮೊನ್ನೆ, ತಲೆ ತಿಳಿಯಾದ ಮೇಲೆ, ಸೀಸೆ ತೊಳೆಯುವಾಗ.

ಔಷಧಿ ಬಿಟ್ಟದ್ದು ಅವಳಲ್ಲ, ಬಿಡಿಸಿದವನು ಪಾಳೇಗಾರ, ಅಪ್ಪನ ಟಗರು, ಸುರುಳಿ ಕೊಂಬಿನವನು, ಐದು ಊರಿನ ಟಗರುಗಳನ್ನು ಹಿಮ್ಮೆಟ್ಟಿಸಿದವನು, ಅಪ್ಪ ತಾನು ಮುದ್ದೆ ಉಣ್ಣುವ ಮೊದಲು ಅವನಿಗೆ ಹುರುಳಿ ನುಚ್ಚು ಇಡುತ್ತಾನೆ. ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಕೂತು ಕುಡಿಯಲು ಒಳಲೆ ಎತ್ತಿದ್ದಳು, ಹಗ್ಗ ಎಳೆದುಕೊಂಡು ಬಂದವನೇ ಮೂತಿ ತುರುಕಿ ನೆಕ್ಕಿಬಿಟ್ಟ, ಉಪ್ಪಲ್ಲವೇ ಅದು, ಕುರಿಗೆ ಉಪ್ಪೆಂದರೆ ಪ್ರಾಣ. ಆ ಸಂಜೆ ಒಳಲೆಯನ್ನು ಅವಳೇ ಅವನ ಮೂತಿಗೆ ಹಿಡಿದಳು. ಆಮೇಲಾಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಮೈಯೆಲ್ಲ ಇರುವೆ ಹರಿದಂತೆ, ಸುಮ್ಮಸುಮ್ಮನೆ ಸಿಟ್ಟು, ಒಂದು ಬೆಳಿಗ್ಗೆ ಹಸಿ ಉಣ್ಣೆಯ ವಾಸನೆ ಮೂಗಿಗೆ ಹೊಡೆದು ಅತ್ತೇಬಿಟ್ಟಳು, ಇಷ್ಟು ವರ್ಷ ಇದೇ ಮನೆಯಲ್ಲಿ ಈ ವಾಸನೆ ಎಲ್ಲಿತ್ತು. ಮೊಳಕಾಲ್ಮೂರು ಕಡೆಯ ಸೂರಮ್ಮ, ಅವಳನ್ನು ಮಗನಿಗೆ ಒಪ್ಪಿಕೊಂಡವಳು, ಹೋದ ತಿಂಗಳು ಬಂದು ಗಲ್ಲ ಹಿಡಿದಿದ್ದಳು, ಮಂಚಿ ಪಿಲ್ಲ, ಒಳ್ಳೇ ಹುಡುಗಿ, ಇಟ್ಟ ಕಡೆ ಇರ್ತಾಳೆ, ನಮ್ಗೆ ಇಂಥೋಳೇ ಬೇಕಾಗಿತ್ತು. ಅವ್ವ ಸೀಸೆಯ ವಿಷಯ ಎತ್ತಲಿಲ್ಲ, ಹೋಗುವಾಗ ಗಂಟಿನಲ್ಲಿ ಕಟ್ಟಿ ಕಳಿಸ್ತೀನಿ, ಕದ್ದು ಕುಡಕಂಡಿರು ಎಂದಳು ಆಮೇಲೆ. ಸೂರಮ್ಮ ಒಪ್ಪಿದ್ದು ಯಾರನ್ನು, ಸೀಸೆಯನ್ನು, ಸೊಸೆಯಾಗಿ ಸೀಸೆಯನ್ನೇ ಕಳಿಸಲಿ, ಹೊಟ್ಟೆ ದಪ್ಪಗಿದೆ, ಮೊಮ್ಮಗ ಬಂದ ಎಂದು ಖುಷಿಪಡಲಿ. ಈ ಮಾತು ತನಗೇ ಹೊಳೆದದ್ದಕ್ಕೆ ಅವಳು ಅರ್ಧ ದಿನ ಒಬ್ಬಳೇ ನಕ್ಕಳು.

ಆದರೆ ನಗು ಈಗ ನಿಂತಿದೆ, ಏಕೆಂದರೆ ಹಿತ್ತಲಿಗೆ ಅಪ್ಪ ಬರುತ್ತಿದ್ದಾನೆ, ಹಿಂದೆ ಚಳ್ಳಕೆರೆಯ ಕುರಿ ವ್ಯಾಪಾರಿ ಅಬ್ದುಲ್ ರಹೀಮ್ ಸಾಹೇಬರು, ಇಬ್ಬರೂ ಗೂಟದ ಹತ್ತಿರ ನಿಂತರು, ಪಾಳೇಗಾರ ತಲೆ ಎತ್ತಲಿಲ್ಲ. ಕೆಳತುಟಿ ಜೋತಿದೆ, ಜೊಲ್ಲು ಇಳಿಯುತ್ತಿದೆ, ನುಚ್ಚಿನ ಬಾನಿಯಲ್ಲಿ ನೊಣ ಮುತ್ತಿದೆ. ಅರೇ ಜಂಪಣ್ಣ, ಇದೇನಾ ನಿಮ್ ಪಾಳೇಗಾರ, ಯಾ ಅಲ್ಲಾ, ಹೋದ ಸಲ ನನ್ನೇ ಬೇಲಿಗೆ ಎತ್ತಿ ಒಗೆದಿತ್ತಲ್ಲ. ಅಪ್ಪ ಕೂತು ಎರಡೂ ಕೈಯಿಂದ ಅದರ ಮುಖ ಎತ್ತಿ ಹಿಡಿದ, ಏನಾಯ್ತೋ ನನ್ನಪ್ಪ, ಯಾರ ಕಣ್ಣು ಬಿತ್ತೋ, ಒಂದ್ಸಲ ಗುದ್ದೋ, ನನ್ ಎದೆಗೇ ಗುದ್ದೋ — ಅಪ್ಪ ಅಳುತ್ತಿದ್ದಾನೆ, ಜಂಪಣ್ಣ ಅಳುತ್ತಿದ್ದಾನೆ, ದುರುಗಕ್ಕ ನೋಡುತ್ತಿದ್ದಾಳೆ, ನಾನು ಜೋತು ಬಿದ್ದಾಗ ಬಂಗಾರ ಆದೆ, ಟಗರು ಜೋತು ಬಿದ್ದರೆ ಕಣ್ಣೀರೇ. ಗುದ್ದದೇ ಇದ್ರೆ ಇದ್ಯಾವ ಟಗರು ಸಾಹೇಬ್ರೇ, ನರಳಿ ಸಾಯೋದ್ ನೋಡಾಕಾಗಲ್ಲ, ತಗಂಡೋಗಿ, ಇವತ್ತೇ ತಗಂಡೋಗಿ. ಸಾಹೇಬರು ಕಣ್ಣುರೆಪ್ಪೆ ಬಿಡಿಸಿ ನೋಡಿದರು, ಕಾಯಿಲೆ ಅಲ್ಲ ಜಂಪಣ್ಣ, ಏನೋ ತಿಂದೈತೆ, ಆದ್ರೆ ಬಿಟ್ರೆ ಉಳಿಯುತ್ತೆ ಅಂತ ನಾನು ಹೇಳಾಕಾಗಲ್ಲ, ಕಡಿಯೋದಾದ್ರೆ ತಗಂತೀನಿ. ಅಪ್ಪ ಹಗ್ಗ ಬಿಚ್ಚತೊಡಗಿದ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು, ಅವ್ವ ತಲೆ ಹಿಡಿಯುತ್ತಾಳೆ, ಅಪ್ಪ ಮೂಗು ಹಿಡಿಯುತ್ತಾನೆ, ಗುಟುಕ್ ಎನ್ನುವ ಸುಳ್ಳು ಇನ್ನು ನಡೆಯುವುದಿಲ್ಲ, ಕಾದು ಕೂತು ಕುಡಿಸಿ ಗಂಟು ಕಟ್ಟಿ ಮೊಳಕಾಲ್ಮೂರಿಗೆ ಕಳಿಸುತ್ತಾರೆ, ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತದೆ, ಅದೊಂದನ್ನೇ ಕಲಿಸಿದ್ದಾರೆ — ಆದರೆ ಹಗ್ಗ ಎಳೆದ ಕಡೆ ಪಾಳೇಗಾರ ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆ, ಎಳೆದಷ್ಟು, ಎಳೆದ ಕಡೆ, ಥೂ, ಇವನಿಗೆ ಇದನ್ನು ಮಾಡಿದವಳು ನಾನು, ಡಾಕ್ಟರೂ ಅಲ್ಲ, ಅವ್ವನೂ ಅಲ್ಲ. ಬಿಡಪ್ಪ ಅದನ್ನ, ಎಂದಳು, ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅವ್ವ ಒಲೆ ಬಿಟ್ಟು ಓಡಿ ಬಂದಳು. ನಾನೇ ಕುಡಿಸಿದ್ದು, ನನ್ ಔಷಧಿ, ನಾನು ಕುಡೀದೆ ಇವನಿಗೆ ಕುಡಿಸ್ದೆ, ನಂದೇ ತಪ್ಪು, ಇವನಿಗೆ ಇನ್ಮೇಲೆ ಕುಡಿಸಲ್ಲ, ನಾನೂ ಕುಡಿಯಲ್ಲ, ಮೂಗು ಹಿಡಿದು ಹುಯ್ದರೆ ನಿಮ್ ಮುಖಕ್ಕೇ ಉಗೀತೀನಿ, ಸೂರಮ್ಮ ಬಂದ್ರೆ ಅವಳ ಮುಂದೇನೂ ಹಿಂಗೇ ಮಾತಾಡ್ತೀನಿ, ಬೇಕಾದ್ರೆ ಕರ್ಕಂಡೋಗ್ಲಿ, ಬ್ಯಾಡಾದ್ರೆ ಬಿಡ್ಲಿ. ಅಯ್ಯೋ ಮತ್ತೆ ಶುರುವಾಯ್ತಲ್ಲೋ ಇವಳಿಗೆ ಎಂದಳು ಅವ್ವ. ಅಪ್ಪನ ಕೈ ಮೇಲೆದ್ದಿತು, ಅವಳು ಹಿಂದೆ ಸರಿಯಲಿಲ್ಲ, ಕೆನ್ನೆಗೆ ಬರಬೇಕಿದ್ದ ಕೈ ಒಳಲೆಯ ಹತ್ತಿರ ನಿಂತಿತು, ಒಂದು ಬೆರಳು ಅದ್ದಿತು, ನಾಲಿಗೆಗೆ ಹೋಯಿತು. ಉಪ್ಪು, ಎಂದ ಅಪ್ಪ, ಅದುವರೆಗೂ ಒಂದು ದಿನವೂ ಅದರ ರುಚಿ ನೋಡಿರದ ಅಪ್ಪ. ಎಷ್ಟು ದಿನ ಕುಡಿಸಿದೆ. ಹನ್ನೊಂದು ದಿನ. ಬರೀ ಹನ್ನೊಂದು ದಿನಕ್ಕೆ ನನ್ ಟಗರು ಹಿಂಗಾಗೋಯ್ತಾ. ನಂಗೆ ಎಂಟು ವರ್ಷ ಆಯ್ತಪ್ಪ, ಎಂದಳು ದುರುಗಕ್ಕ, ಸಾಹೇಬರು ನೆಲ ನೋಡಿದರು, ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಅಪ್ಪನ ಬೆರಳು ಮತ್ತೆ ಒಳಲೆಗೆ ಇಳಿಯಿತು, ಮತ್ತೆ ನಾಲಿಗೆಗೆ ಹೋಯಿತು, ಅವನು ಟಗರಿನ ಕಣ್ಣು ನೋಡುತ್ತಾನೆ, ಅವಳ ಕಣ್ಣು ನೋಡುತ್ತಾನೆ, ಬೆರಳು ಬಾಯಲ್ಲೇ ಇದೆ, ಕೂಸಿನ ಹಾಗೆ, ತೆಗೆಯುತ್ತಿಲ್ಲ, ಬೆರಳು ಬಾಯಲ್ಲೇ ಇದೆ —