ಬಸುರಿ ಕುದುರೆಗೆ ಹಾಕಿದ ಹುಲ್ಲು

ಕುದುರೆ ಹುಲ್ಲು ತಿನ್ನುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾವ ಹುಲ್ಲು ಎಂದು ಕೇಳಿ ನೋಡಿ, ಅರ್ಧ ಜನ ಆಕಾಶ ನೋಡುತ್ತಾರೆ. ಹುಲ್ಲಪ್ಪ ಹಾಗಲ್ಲ. ಬೇಲಿಗೆ ಮೊಣಕೈ ಊರಿ ನಿಂತನೆಂದರೆ ನಿಮ್ಮ ಬಸ್ಸು ತಪ್ಪುವವರೆಗೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಕುದುರೆಗಳಿಗೆ ಮೇವಿನ ಬಯಲು ಬೆಳೆಸಿ, ತೀರಿಹೋದ ಅಕ್ಕನ ಎರಡೆಕರೆಯನ್ನು ಈಗ ನೋಡಿಕೊಂಡಿದ್ದ. ಅವನಿಗೆ ಬೇರೆ ಹೆಸರೂ ಇತ್ತು; ಅದನ್ನು ಅವನೇ ಮರೆತಿದ್ದಾನೆ ಎಂದು ಅಕ್ಕನ ಮಗಳು ಗೇಲಿ ಮಾಡುತ್ತಿದ್ದಳು. ತಾಯಿ ಹೋದಮೇಲೆ ಅವಳನ್ನು ಬೆಳೆಸಿದವನೂ ಅವನೇ.

ಬಯಲಿನಲ್ಲಿದ್ದದ್ದು ಒಂದೇ ಕುದುರೆ, ಅಕ್ಕ ಸಾಕಿದ್ದು. ಹದಿನೇಳು ವರ್ಷದ ಹೆಣ್ಣು. ಹುಡುಗಿ ಅದನ್ನು ಅಜ್ಜಿ ಎನ್ನುತ್ತಿದ್ದಳು. ಮೂರು ವರ್ಷದ ಹಿಂದೆ ಹುಲ್ಲಪ್ಪ ಅಲ್ಲಿ ಗಟ್ಟಿಹುಲ್ಲು ಬಿತ್ತಿದ. ಅದು ಗೊರಸಿಗೂ ಜಗ್ಗದು, ಬಿಸಿಲಿಗೂ ಬಾಡದು. ಕೆಟ್ಟ ಗುಣ ಒಂದೇ: ಅದರೊಳಗೆ ಕಣ್ಣಿಗೆ ಕಾಣದ ಒಂದು ಬೂಷ್ಟು ಇರುತ್ತದೆ. ಹುಲ್ಲಿಗೆ ಅದರಿಂದ ಬಲ, ಬಸುರಿ ಕುದುರೆಗೆ ಗಂಡಾಂತರ. "ಬಸುರಿ ಏನಾದ್ರೂ ಇದೆಯಾ?" ಎಂದು ಬೀಜದಂಗಡಿಯಾಕೆ ಕೇಳಿಯೇ ಕೇಳಿದ್ದಳು.

"ನಮ್ಮ ಅಜ್ಜಿ ಬಸುರಿಯಾದ್ರೆ ನಾನೇ ಬಾಣಂತನ ಮಾಡ್ತೀನಿ ಬಿಡಮ್ಮ," ಎಂದು ನಗುತ್ತ ಅವನು ಚೀಲ ಹೊತ್ತು ತಂದಿದ್ದ.

ಆದರೆ ಹುಡುಗಿಗೆ ಅಮ್ಮನ ಕುದುರೆಯ ಒಂದು ಮರಿಯಾದರೂ ಬೇಕು ಎಂಬ ಹಟ. ಕಡೆಯ ಪ್ರಯತ್ನ ಎಂದು ಅದನ್ನು ಗಂಡುಕುದುರೆಯ ಹತ್ತಿರ ಕರೆದುಕೊಂಡು ಹೋದಳು. ಅಜ್ಜಿ ಗಬ್ಬ ಕಟ್ಟಿದಾಗ ಅವಳು ಕುಣಿದ ಕುಣಿತ ಹೇಳಿ ಮುಗಿಯದು.

ಕಡೆಯ ಮೂರು ತಿಂಗಳು ಬಸುರಿಯನ್ನು ಗಟ್ಟಿಹುಲ್ಲಿಗೆ ಬಿಡಬಾರದು. ಅಷ್ಟು ಹುಲ್ಲಪ್ಪನಿಗೆ ಗೊತ್ತಿತ್ತು. ಅಜ್ಜಿಯನ್ನು ಲಾಯದೊಳಗೆ ಕಟ್ಟಿ, ತಾನೇ ಕೊಯ್ದು, ತಾನೇ ತಿರುವಿ ಒಣಗಿಸಿದ ಹುಲ್ಲು ಹಾಕಿದ. ಅದೇ ಬಯಲಿನ ಹುಲ್ಲು. ಒಣಗಿದ ಮೇಲೆ ದೋಷ ಹೋಗುತ್ತದೆ ಎಂದು ಅವನ ಎಣಿಕೆ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಹುಲ್ಲಿನ ವಿಷಯವನ್ನು ಹುಲ್ಲಪ್ಪ ಇನ್ನೊಬ್ಬರ ಹತ್ತಿರ ಕೇಳುವುದುಂಟೆ!

ದಿನ ತುಂಬಿ ಮೂರು ವಾರ ಕಳೆದರೂ ಅಜ್ಜಿ ಈಯಲಿಲ್ಲ. ಕೆಚ್ಚಲಿಗೆ ಹಾಲೂ ಇಳಿಯಲಿಲ್ಲ. ಒಂದು ಬೆಳಗ್ಗೆ ಮರಿ ಬಂತು. ಹಣೆಯ ಮೇಲೆ ಬಿಳಿ ಮಚ್ಚೆ, ಮೈತುಂಬ ಕೂದಲು, ಉಸಿರು ಮಾತ್ರ ಇಲ್ಲ. ಹುಡುಗಿ ಅದರ ಮೂಗಿಗೆ ಬಾಯಿಟ್ಟು ಊದಿದಳು, ಎದೆ ತಿಕ್ಕಿದಳು. ಸಾಕು ಎಂದು ಪಶುವೈದ್ಯ ಅವಳ ಕೈ ಹಿಡಿಯಬೇಕಾಯಿತು.

ವೈದ್ಯ ಆಮೇಲೆ ಹುಲ್ಲಪ್ಪನನ್ನು ಆಚೆ ಕರೆದ. "ಗಟ್ಟಿಹುಲ್ಲು ತಿಂದ್ರೆ ಹೀಗಾಗೋದು. ಹಸಿಯಾದ್ರೂ ಅಷ್ಟೆ, ಒಣಗಿದ್ರೂ ಅಷ್ಟೆ. ಒಣಹುಲ್ಲು ಎಲ್ಲಿಂದ ತಂದ್ರಿ?"

ಹುಲ್ಲಪ್ಪ ಲಾಯದ ಬಾಗಿಲ ಕಡೆ ನೋಡಿದ. "ಪೇಟೆಯಿಂದ," ಎಂದ.

ಒಂದೇ ಒಂದು ಮಾತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಒಂದು ತಿಂಗಳು ಸಮಯವಿತ್ತು, ತೆಗೆದುಕೊಳ್ಳಲಿಲ್ಲ. ಹುಡುಗಿ ಅಷ್ಟರಲ್ಲಿ ತಪ್ಪನ್ನು ತನ್ನ ತಲೆಗೇ ಕಟ್ಟಿಕೊಂಡಿದ್ದಳು. ಕಾಲಾಡಲಿ ಎಂದು ಅಜ್ಜಿಯನ್ನು ದಿಬ್ಬ ಹತ್ತಿಸಿದ್ದಳಂತೆ, ಅದಕ್ಕೇ ಹೀಗಾಯಿತಂತೆ. ಊಟಕ್ಕೆ ಕುಳಿತರೆ ತಟ್ಟೆಯ ಮುಂದೆ ಅಳುತ್ತಿದ್ದಳು. ಅವನು ತಲೆ ಸವರುತ್ತ, "ನಿನ್ನ ತಪ್ಪಲ್ಲ ಬಿಡು ಮಗಳೇ," ಎನ್ನುತ್ತಿದ್ದ. ನಾಳೆ ಹೇಳೋಣ ಎಂದುಕೊಂಡು ಮಲಗುತ್ತಿದ್ದ. ಉಳಿದ ಒಣಹುಲ್ಲನ್ನು ಸುಟ್ಟ. ಬಯಲು ಹಳತಾಯಿತು ಎಂದು ನೆಪ ಹೇಳಿ ಎರಡು ಸಲ ಉಳುಮೆ ಮಾಡಿಸಿದ.

ಬೀಜ ಆರಿಸಲು ಹುಡುಗಿ ತಾನೂ ಬರುತ್ತೇನೆಂದಳು. ಅಂಗಡಿಯಲ್ಲಿ ಡಬ್ಬಗಳ ಮುಂದೆ ನಿಂತು, ಒಂದೊಂದನ್ನೇ ಅಂಗೈಗೆ ಸುರಿದುಕೊಂಡು ನೋಡಿದಳು. ಬೇಗ ಮೊಳೆಯುವುದು ಯಾವುದು, ಕುದುರೆಗೆ ರುಚಿ ಯಾವುದು ಎಂದೆಲ್ಲ ಕೇಳಿದಳು. "ಮಾವ, ಇದು ಗಸಗಸೆಗಿಂತ ಸಣ್ಣ! ಸೀನಿದ್ರೆ ಎರಡೆಕರೆ ಹೋಯ್ತು," ಎಂದಳು. ತಿಂಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮನೆಗೆ ಹೋಗುತ್ತ ದಾರಿಯಲ್ಲೇ ಹೇಳಿಬಿಡುತ್ತೇನೆ ಎಂದು ಹುಲ್ಲಪ್ಪ ಗಟ್ಟಿ ಮನಸ್ಸು ಮಾಡಿದ.

"ಗಟ್ಟಿಹುಲ್ಲು ಬೇಡ್ವಾ ಈ ಸಲ?" ಎಂದಳು ಅಂಗಡಿಯಾಕೆ, ತೂಕ ಹಾಕುತ್ತ. "ನಿಮ್ಮ ಬಯಲು ಪೂರ್ತಿ ಅದೇ ಅಲ್ವಾ? ಒಳ್ಳೇದು ಬಿಡಿ. ಬಸುರಿಗೆ ಅದರ ಒಣಹುಲ್ಲು ಹಾಕಿದ್ರೂ ಮರಿ ಉಳಿಯಲ್ಲ."

ಹುಡುಗಿ ಅಂಗೈಯಲ್ಲಿದ್ದ ಬೀಜವನ್ನು ಒಂದೂ ಚೆಲ್ಲದಂತೆ ಡಬ್ಬಕ್ಕೆ ಹಾಕಿದಳು. ಆಮೇಲೆ ಮಾವನ ಮುಖ ನೋಡಿದಳು. ಆ ಮುಖದಲ್ಲಿ ಎಲ್ಲ ಇತ್ತು.

"ಯಾವಾಗಿಂದ ಗೊತ್ತಿತ್ತು?"

"ಅವತ್ತೇ," ಎಂದ ಹುಲ್ಲಪ್ಪ.

ಇನ್ನು ಅವಳು ಬಯಲಿಗೆ ಬರುವುದಿಲ್ಲ ಎಂದು ಅವನು ಅಂದುಕೊಂಡಿದ್ದ. ಮರುದಿನ ನೋಡಿದರೆ ಬೆಳಗ್ಗೆಯೇ ಬಂದು ಬಕೆಟ್‌ನಲ್ಲಿ ಬೀಜಕ್ಕೆ ಒಣಮರಳು ಬೆರೆಸುತ್ತಿದ್ದಳು. ಗಾಳಿ ಇರಲಿಲ್ಲ. ಅರ್ಧ ಬೀಜವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಚೆಲ್ಲಿದರು. ಹಾಗೆ ಮಾಡಿದರೆ ನಡುವೆ ಬೋಳು ಉಳಿಯುವುದಿಲ್ಲ. ಬೀಜ ಮಣ್ಣಿಗೆ ಕೂರಲಿ ಎಂದು ಇಬ್ಬರೂ ಸೇರಿ ಉರುಳೆ ಎಳೆದರು. "ಬಕೆಟ್ ಕೊಡು," "ಇಲ್ಲಿ ತೆಳ್ಳಗಾಯ್ತು," ಇಷ್ಟೇ ಮಾತು. ಹುಲ್ಲಪ್ಪನಿಗೆ ಅಷ್ಟೇ ಸಾಕಾಗಿತ್ತು. ಇಳಿಹೊತ್ತಿಗೆ ಅವನಿಗೆ ಆಸೆ ಹುಟ್ಟಿತು.

"ಬೇರು ಗಟ್ಟಿಯಾಗೋಕೆ ಒಂದು ವರ್ಷ. ಬರೋ ವರ್ಷ ಅಜ್ಜಿ ಇಲ್ಲೇ ಮೇಯ್ತಾಳೆ ನೋಡು."

"ಇಲ್ಲ ಮಾವ. ನಾಳೆ ಗಾಡಿ ಬರುತ್ತೆ. ಅವಳನ್ನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ರಾತ್ರಿಯೇ ಫೋನ್ ಮಾಡಿ ಬೇರೆ ಕಡೆ ಲಾಯ ನೋಡಿದ್ದೀನಿ, ನನಗೂ ಒಂದು ಕೋಣೆ."

ಅವನ ಕೈಯಿಂದ ಉರುಳೆಯ ಹಿಡಿ ಜಾರಿತು. "ತಪ್ಪಾಯ್ತು ಮಗಳೇ. ಒಣಗಿದ್ರೆ ಹೋಗುತ್ತೆ ಅಂದ್ಕೊಂಡೆ."

"ಅದಕ್ಕಲ್ಲ. ಅಂಥ ತಪ್ಪು ಯಾರಿಗಾದ್ರೂ ಆಗುತ್ತೆ." ಅವಳು ಅವನ ಕಡೆ ತಿರುಗಿದಳು. "ನಾನು ಕೊಂದೆ ನಾನು ಕೊಂದೆ ಅಂತ ನಿನ್ನ ಮಡಿಲಲ್ಲಿ ಅತ್ತೆ. ನೀನು ತಲೆ ಸವರ್ತಾ ಕೂತಿದ್ದೆ."

ಅವನು, "ಮತ್ತೆ ಬಿತ್ತೋಕೆ ಯಾಕೆ ಬಂದೆ?" ಎಂದ.

"ನಿನ್ನೊಬ್ಬನ ಕೈಲಿ ಆಗಲ್ಲ ಅಂತ," ಎಂದಳು. ಕೈಕಾಲಿನ ಮಣ್ಣು ತೊಳೆದುಕೊಂಡು ಒಳಗೆ ಹೋದಳು.

ಹತ್ತನೆಯ ದಿನ ಹುಲ್ಲು ಮೊಳೆಯಿತು. ಹುಲ್ಲಪ್ಪ ಮಂಡಿಯೂರಿ ಎರಡೆಕರೆಯನ್ನೂ ನೋಡಿದ. ಎಲ್ಲೂ ಬೋಳಿಲ್ಲ. ಅವನ ಜನ್ಮದಲ್ಲೇ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಹುಡುಗಿಗೆ ಫೋನ್ ಮಾಡಿ, "ಬಂದಿದೆ ಕಣೇ, ಒತ್ತಾಗಿ ಬಂದಿದೆ," ಎಂದ.

"ಒಳ್ಳೇದಾಯ್ತು ಮಾವ," ಎಂದಳು. ಮಾತ್ರೆ ತಗೊಂಡೆಯಾ ಎಂದು ಕೇಳಿದಳು. ಕೆಲಸವಿದೆ ಎಂದು ಇಟ್ಟಳು.

ಫೋನನ್ನು ಜೇಬಿಗೆ ಹಾಕಿಕೊಂಡ ಹುಲ್ಲಪ್ಪ, ಎಳೆಹುಲ್ಲನ್ನು ತುಳಿಯಬಾರದೆಂದು ಬಯಲಿನ ಅಂಚು ಹಿಡಿದೇ ನಡೆದು ಹೊರಗೆ ಬಂದ. ಆಮೇಲೆ ಬೇಲಿಯ ಬುಡದಲ್ಲಿ ಕುಸಿದು, ಯಾರು ನೋಡಿದರೂ ನೋಡಲಿ ಎಂದು ಗಟ್ಟಿಯಾಗಿ ಅತ್ತ.