ಮೈ ಸೇರಿದ ಪುಡಿ

"ಥೂ ಮುಂಡೆ, ಎಲ್ಲಂದ್ರಲ್ಲಿ ಉಗೀತೀಯಲ್ಲೇ! ಇದೇನ್ ನಿಮ್ಮ ಮೊಹಲ್ಲಾದ ಚರಂಡಿ ಅಂದ್ಕಂಡಿದೀಯಾ?"

ಮಾಲೀಕ ಷಣ್ಮುಖಪ್ಪ ಕೂಗುವಷ್ಟರಲ್ಲಿ ಫಿರ್ದೋಸ್ ಉಗುಳಿ ಆಗಿತ್ತು. ಗೋಡೆಯ ಬುಡದಲ್ಲಿ ಬಿದ್ದ ಕಫ ನೀಲಿಯಾಗಿತ್ತು. ಬೆಳಿಗ್ಗೆಯಿಂದ ಅರೆಯುತ್ತಿದ್ದದ್ದು ನೀಲಿ ಡ್ರಮ್ಮು. ಕೆಂಪು ಬಕೆಟ್ ಅರೆದ ದಿನ ಕಫವೂ ಕೆಂಪು. ಬೀರೂರಿನ ರೈಲು ಹಳಿಯ ಪಕ್ಕದ ಆ ತಗಡಿನ ಷೆಡ್ಡಿನಲ್ಲಿ ಏಳು ವರ್ಷದಿಂದ ಅವಳ ಕೆಲಸ ಅದೇ, ಗುಜರಿಯಿಂದ ಬಂದ ಪ್ಲಾಸ್ಟಿಕ್ಕನ್ನು ಮಚ್ಚಿನಿಂದ ಒಡೆದು ಮಷೀನಿನ ಬಾಯಿಗೆ ಕೊಡುವುದು.

"ಉಸ್ರು ಹಿಡೀತದೆ ಸಾವ್ಕಾರ್ರೇ. ಮೂತಿಗೆ ಕಟ್ಟೋಕೆ ಏನಾದ್ರೂ ಕೊಡ್ಸಿ."

"ಬುರ್ಖಾ ಐತಲ್ಲ ನಿಮಗೆ, ಅದನ್ನೇ ಹಾಕ್ಕಂಡ್ ನಿಂತ್ಕೋ."

ಆ ವಾರವೇ ಅವಳು ಮಷೀನಿನ ಮುಂದೆ ಕುಸಿದಳು. ಜೊತೆಗೆ ದುಡಿಯುವ ದ್ಯಾಮಮ್ಮ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಶ್ವಾಸಕೋಶಕ್ಕೆ ನಳಿಗೆ ಇಳಿಸಿ ಪರೀಕ್ಷೆಗೆ ನೀರು ತೆಗೆದರು. ಅಧ್ಯಯನಕ್ಕೆ ಬೇಕೆಂದು ಎದೆಹಾಲನ್ನೂ ಕೇಳಿ ಪಡೆದರು. ತಿಂಗಳ ಮೇಲೆ ಡಾಕ್ಟರ್ ಶರ್ಮಿಳಾ ಅವಳನ್ನು ಕರೆಸಿ, ಎರಡರಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳಿವೆ ಎಂದರು.

"ಮಗೀಗೆ ಹಾಲು ಕೊಡ್ಲಾ ಬೇಡ್ವಾ ಮೇಡಂ?"

"ಕೊಡಮ್ಮ, ನಿಲ್ಲಿಸ್ಬೇಡ. ಇದ್ರಿಂದ ಏನಾಗುತ್ತೆ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಆ ಕೆಲಸ ಬಿಟ್ಬಿಡು. ನಿನ್ನ ಶ್ವಾಸಕೋಶ ಕೆಟ್ಟಿದೆ."

ಬಿಟ್ಟರೆ ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ. ಗಂಡ ನವಾಜ್ ಲಾರಿಯಿಂದ ಬಿದ್ದು, ಸೊಂಟ ಮುರಿದುಕೊಂಡು ವರ್ಷದಿಂದ ಮಲಗಿದ್ದ.

ಮನೆಗೆ ಬಂದವಳು ಅಂಗೈಗೆ ಹಾಲು ಹಿಂಡಿಕೊಂಡು ಬಿಸಿಲಿಗೆ ಹಿಡಿದಳು. ಬೆಳ್ಳಗಿತ್ತು. ಏನೂ ಕಾಣಲಿಲ್ಲ. ಎಂಟು ತಿಂಗಳ ಸೂಫಿಯಾ ಹಸಿದು ಅಳುತ್ತಿತ್ತು. ಕೂಸನ್ನು ಎದೆಗೆ ಹಾಕಿಕೊಂಡು, ಅದು ಗುಟುಕರಿಸಿದ ಪ್ರತಿ ಸದ್ದಿಗೂ ಹಲ್ಲು ಕಚ್ಚಿದಳು.

ಕೆಲಸಕ್ಕೆ ಮರಳಿದವಳು ತೋರಿಸಿದ ರಿಪೋರ್ಟ್ ನೋಡಿ ಷಣ್ಮುಖಪ್ಪ ನಕ್ಕ. "ಪ್ಲಾಸ್ಟಿಕ್ಕು ಯಾರ ಮೈಯಾಗಿಲ್ವೇ? ನನ್ನ ಮೈಯಾಗೂ ಐತೆ. ಸಮುದ್ರದ ಮೀನಿನ ಹೊಟ್ಟೇಲೂ ಐತಂತೆ. ಮೀನು ಬಂದು ನನ್ನ ಕೇಳ್ತವಾ?"

ದ್ಯಾಮಮ್ಮ ಕಾರ್ಮಿಕ ಇಲಾಖೆಗೆ ದೂರು ಬರೆಸಿ ಕಳಿಸಿದಳು. ಹದಿನೈದು ದಿನಕ್ಕೆ ತಪಾಸಣೆಯ ಸಾಹೇಬ ಓಂಕಾರೇಶ್ ಬಂದ. ಅವನು ಬರುವ ಸುದ್ದಿ ಹಿಂದಿನ ದಿನವೇ ಷಣ್ಮುಖಪ್ಪನಿಗೆ ತಲುಪಿತ್ತು. ಷೆಡ್ಡು ತೊಳೆದಾಗಿತ್ತು. ಮಷೀನ್ ನಿಂತಿತ್ತು. ಹೆಂಗಸರ ಮೂತಿಗೆ ಹೊಸ ಮಾಸ್ಕ್ ಬಂದಿತ್ತು.

"ಧೂಳೇ ಇಲ್ವಲ್ಲಮ್ಮ ಇಲ್ಲಿ," ಓಂಕಾರೇಶ್ ಫಿರ್ದೋಸಳಿಗೆ ಪೆನ್ನು ಚಾಚಿದ. "ಏನೂ ತೊಂದ್ರೆ ಇಲ್ಲ ಅಂತ ಬರ್ದಿದೀನಿ. ಸೈನ್ ಹಾಕು."

"ಮಷೀನ್ ಓಡ್ಸಿ ನೋಡಿ ಸಾರ್."

"ನಂಗಿನ್ನೂ ಮೂರು ಕಡೆ ಹೋಗೋದೈತೆ. ತಲೆಹರಟೆ ಮಾಡ್ಬೇಡ."

"ಹಾಕೇ ಲೌಡಿ," ಷಣ್ಮುಖಪ್ಪ ಗದರಿದ. "ಇಲ್ದಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಫಿರ್ದೋಸ್ ಪೆನ್ನು ಮುಟ್ಟಲಿಲ್ಲ. ದ್ಯಾಮಮ್ಮನ ಕಡೆ ನೋಡಿದಳು. "ಷಟರ್ ಎಳಿ ಅಕ್ಕಾ."

ಬೀದಿಯವರು ಧೂಳಿಗೆ ಜಗಳ ತೆಗೆದಾಗಿನಿಂದ, ಮಷೀನ್ ಓಡುವಾಗ ಷಟರ್ ಎಳೆದಿರಬೇಕೆಂಬುದು ಷಣ್ಮುಖಪ್ಪನದೇ ಕಟ್ಟಪ್ಪಣೆ. ದ್ಯಾಮಮ್ಮ ಉಳಿದ ಹೆಂಗಸರನ್ನು ಹೊರಡಿಸಿಕೊಂಡು ಹೋಗಿ, ಹೊರಗಿನಿಂದ ಷಟರ್ ಎಳೆದು ಚಿಲಕ ಹಾಕಿದಳು. ಫಿರ್ದೋಸ್ ಸ್ವಿಚ್ ಒತ್ತಿದಳು.

ಮಷೀನ್ ಅಬ್ಬರಿಸಿತು. ಷಣ್ಮುಖಪ್ಪ ಸ್ವಿಚ್ಚಿನತ್ತ ಓಡಿ ಬಂದವನು ಅವಳು ಕೈಗೆತ್ತಿಕೊಂಡ ಮಚ್ಚು ನೋಡಿ ಅಲ್ಲೇ ನಿಂತ.

"ಹತ್ತು ನಿಮಿಷ ಸಾರ್," ಅವಳು ಸದ್ದಿನ ಮೇಲೆ ಕಿರುಚಿದಳು. "ಬರೀ ಹತ್ತು ನಿಮಿಷ ಉಸ್ರಾಡಿ. ಆಮೇಲೆ ನೀವೇನ್ ಬರೀತೀರೋ ಬರೀರಿ, ಸೈನ್ ಹಾಕ್ತೀನಿ."

ಧೂಳು ಮಾಡಿನ ತಗಡಿನವರೆಗೂ ಎದ್ದಿತು. ಓಂಕಾರೇಶ್ ಮೂಗು ಮುಚ್ಚಿಕೊಂಡು ಷಟರ್ ಬಡಿಯತೊಡಗಿದ. "ತೆಗೀರೋ! ಯಾರಾದ್ರೂ ತೆಗೀರೋ!" ಹೊರಗೆ ದ್ಯಾಮಮ್ಮ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

ಫಿರ್ದೋಸಳಿಗೂ ಕೆಮ್ಮು ಒತ್ತರಿಸಿ ಬಂತು. ಒಂದು ಕೈಯಲ್ಲಿ ಮಚ್ಚು ಹಿಡಿದೇ, ಮತ್ತೊಂದು ಕೈಯಿಂದ ಮಷೀನಿನ ಬಾಯಿಗೆ ಚೂರು ತುರುಕುತ್ತಲೇ ಇದ್ದಳು.